ಗಾಜಿನ ಮೇಲಿನ ಬಿಳಿ ಕರೆ

ಜಡೆಮ್ಮ ಗವಿಗೆ ಹೊರಟಳೆಂದರೆ ಅವಳ ಸೆರಗಿನ ತುದಿಯಲ್ಲಿ ನೆಲ್ಲಿಕಾಯಿಯಷ್ಟು ಹುಣಸೆಹಣ್ಣು ಗಂಟು ಕಟ್ಟಿರುತ್ತಿತ್ತು. ಸೋಮವಾರ ಬಿಸಿಲೇರುವ ಮೊದಲೇ ಗುಡ್ಡದ ಹಾಡಿಯಾದ ಪೋಡಿನ ಕೊನೆಯಲ್ಲಿದ್ದ ತನ್ನ ಮನೆ ಬಿಟ್ಟು, ಲಂಟಾನ ಪೊದೆಗಳ ನಡುವಿನ ಕಾಲುದಾರಿ ಹಿಡಿದರೆ ಅವಳ ಅರವತ್ತರ ಮಂಡಿಗೆ ಒಂದು ಗಂಟೆಯ ಹಾದಿ. ರಾಮಾಪುರದ ಮೇಲಿನ ಆ ಗುಡ್ಡವೆಲ್ಲ ಕರಿಕಲ್ಲು. ನಡುವೆ ಒಂದೇ ಒಂದು ಪಟ್ಟಿ ಸುಣ್ಣಕಲ್ಲು. ಹನಿಗವಿ ಇದ್ದದ್ದು ಆ ಪಟ್ಟಿಯಲ್ಲಿ. ಒಳಗೆ ಮೇಲಿನಿಂದ ಒಂದೊಂದೇ ಹನಿ ಬಿದ್ದು, ಬಿದ್ದಲ್ಲೇ ಸುಣ್ಣ ಕಟ್ಟಿ, ನೆಲದಿಂದ ಮೊಣಕಾಲೆತ್ತರಕ್ಕೆ ಒಂದು ಕಲ್ಲು ಬೆಳೆದಿತ್ತು. ಆ ಕಲ್ಲಿನ ನೆತ್ತಿಯ ಮೇಲೆ ಈಗ ಅಂಗೈಯಗಲದ ಒಂದು ಗಾಜು ಕೂತಿತ್ತು.

ಗಾಜನ್ನು ಇಟ್ಟವಳು ಯಶೋದ. ಯಳಂದೂರಿನ ಹುಡುಗಿ, ಹಳೆಯ ಕಾಲದ ಮಳೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಅರಣ್ಯ ಇಲಾಖೆಯ ಕಾಗದ ಹಿಡಿದು ಬಂದಾಗ ಪೋಡಿನ ಹಿರಿಯರು ಬೆಳೆಯುವ ಕಲ್ಲನ್ನು ಮುಟ್ಟಬಾರದೆಂದರು. ಅವಳು ಒಪ್ಪಿಕೊಂಡು, ಗವಿಯ ಮೂಲೆಯಲ್ಲಿ ಎಂದೋ ಮುರಿದುಬಿದ್ದಿದ್ದ ಕಲ್ಲನ್ನಷ್ಟೇ ಕೇಳಿ ತೆಗೆದುಕೊಂಡು ಹೋದಳು. ಹೋಗುವ ಮೊದಲು ಗಾಜಿಟ್ಟು, ಗವಿಗೆ ಹತ್ತಿರದ ಮನೆಯವಳೆಂದು ಜಡೆಮ್ಮನ ಕೈಗೆ ಒಂದು ಗಡಿಯಾರ ಕೊಟ್ಟಳು.

"ಕೆಂಪು ಮುಳ್ಳು ಒಂದು ಸುತ್ತು ಬರೋವಷ್ಟರಲ್ಲಿ ಎಷ್ಟು ಹನಿ ಬೀಳ್ತವೆ ಅಂತ ಎಣಿಸಿ ಅಜ್ಜಿ. ಗಾಜು ಮಾತ್ರ ಜೋಪಾನ. ಅಲುಗಾಡಬಾರದು, ಒಡೀಬಾರದು."

ಜಡೆಮ್ಮನಿಗೆ ಬರೆಯಲು ಬಾರದು. ಹನಿಗೊಂದರಂತೆ ಅವರೆಕಾಳು ಎಣಿಸಿ ಬಟ್ಟೆ ಚೂರಿನಲ್ಲಿ ಕಟ್ಟಿ, ಸೋಮವಾರಕ್ಕೊಂದು ಗಂಟಿನಂತೆ ಹಗ್ಗಕ್ಕೆ ಪೋಣಿಸಿ ಮನೆಯ ಜಂತಿಗೆ ನೇತುಹಾಕುತ್ತಿದ್ದಳು.

ಅವಳ ನಾದಿನಿ ಮಾದೇವಮ್ಮ ಅದನ್ನು ನೋಡಿ ನಕ್ಕಿದ್ದಳು. "ಕಲ್ಲು ಬತ್ತಿಸ್ದೋಳ್ನೇ ಕಲ್ಲು ಕಾಯಾಕೆ ಇಟ್ಟವ್ರಲ್ಲ. ಆ ಮೇಡಮ್ಮುಗೆ ಯಾರೂ ಏಳ್ಲಿಲ್ವಾ?"

"ನೀನೇ ಓಗಿ ಏಳು. ನಿನ್ ಬಾಯಿ ಆದ್ರೂ ನೆಮ್ಮದಿಯಾಗ್ಲಿ," ಎಂದು ಜಡೆಮ್ಮ ಕಾಳು ಎಣಿಸುತ್ತಲೇ ಹೇಳಿದಳು.

ಮೂವತ್ತಾರು ವರ್ಷದ ಹಿಂದಿನ ಮಾತು. ಆ ಬೇಸಿಗೆ ಪೋಡಿನ ಕೆಳಗಿನ ಒರತೆ ಒಣಗಿತ್ತು. ಜಡೆಮ್ಮನ ಐದು ವರ್ಷದ ಮಗಳು ಬೊಮ್ಮಿಗೆ ವಾಂತಿ ಭೇದಿ ಹಿಡಿದಿತ್ತು. ಗಂಡ ಕೇತಯ್ಯ ಜೇನಿಗೆ ಹೋಗಿದ್ದ. ಹನಿಗವಿಯ ನೀರನ್ನು ಸೋರೆಬುರುಡೆಯಲ್ಲಿ ಮಾತ್ರ ಹಿಡಿಯಬೇಕು, ಲೋಹ ತಾಕಿಸಬಾರದು ಎಂಬುದು ಅವರ ಪೋಡಿನ ಕಟ್ಟಳೆ. ಮನೆಯಲ್ಲಿದ್ದ ಬುರುಡೆ ಒಡೆದಿತ್ತು. ಇನ್ನೊಂದು ಮನೆಗೆ ಹೋಗಿ ಕೇಳುವಷ್ಟು ವ್ಯವಧಾನ ಅವಳಿಗೆ ಇರಲಿಲ್ಲ. ಒಲೆಯ ಪಕ್ಕದ ಸಿಲ್ವರ್ ಪಾತ್ರೆ ಹಿಡಿದು ಓಡಿದಳು. ಹನಿಯ ಕೆಳಗೆ ಪಾತ್ರೆಯಿಟ್ಟು ಅರ್ಧ ದಿನ ಕಾದು ತಂದ ನೀರನ್ನು ಮಗು ನಾಲ್ಕು ಗುಟುಕು ಕುಡಿಯಿತು. ಮರುದಿನ ರಾಮಾಪುರದಲ್ಲಿ ಬಸ್ಸಿಗೆ ಕಾಯುತ್ತಿರುವಾಗ, ತಾಯಿಯ ತೊಡೆಯ ಮೇಲೇ ತಣ್ಣಗಾಯಿತು.

ಅದೇ ವಾರ ಗವಿಯ ಹನಿ ನಿಂತಿತು. ಮೂರು ಮಳೆಗಾಲ ಒಂದು ಹನಿಯೂ ಬೀಳಲಿಲ್ಲ.

ಅವಳನ್ನು ಯಾರೂ ಹೊಡೆಯಲಿಲ್ಲ, ಹೊರಗೂ ಹಾಕಲಿಲ್ಲ. ಆದರೆ ಸಾಯುವವರೆಗೂ ಕೇತಯ್ಯ ಆ ಪಾತ್ರೆಯಲ್ಲಿ ಬೇಯಿಸಿದ್ದನ್ನು ಉಣ್ಣಲಿಲ್ಲ. ಅಂದಿನಿಂದ ಜಡೆಮ್ಮ ಆಗಾಗ ಒಬ್ಬಳೇ ಗವಿಗೆ ಹೋಗಿ ಕಲ್ಲಿನ ಮುಂದೆ ಕೂತು ಬರುತ್ತಿದ್ದಳು. ತಪ್ಪಾಯ್ತು ಎನ್ನುವುದನ್ನು ಬಿಟ್ಟರೆ ಅವಳಿಗೆ ಬೇರೆ ಪ್ರಾರ್ಥನೆ ಇರಲಿಲ್ಲ. ಯಶೋದ ಮೊದಲ ಸಲ ಪೋಡಿಗೆ ಬಂದು, "ಈ ಕಲ್ಲು ಯಾವ್ಯಾವಾಗ ಮಳೆ ಬಂತು, ಯಾವಾಗ ನಿಂತು ಅನ್ನೋದನ್ನೆಲ್ಲ ಒಳಗೆ ಇಟ್ಕೊಂಡಿರುತ್ತೆ" ಎಂದಾಗ ಜಡೆಮ್ಮನಿಗೆ ನೆನಪಾದದ್ದು ಆ ಬೇಸಿಗೆ. ಹಾಗಾದರೆ ಅದಕ್ಕೆ ಗೊತ್ತಿರುತ್ತದೆ. ಹನಿ ನಿಂತದ್ದು ಮಳೆಯಿಂದಲೋ, ತನ್ನ ಪಾತ್ರೆಯಿಂದಲೋ. ಒಂದು ದಿನ ಈ ಹುಡುಗಿಯನ್ನು ಕೇಳಬೇಕು. ಗಡಿಯಾರಕ್ಕೆ ಅವಳು ಕೈಯೊಡ್ಡಿದ್ದು ಅದಕ್ಕೇ.

ವರ್ಷ ತುಂಬಿದ ಮೇಲೆ ಯಶೋದ ಬಂದಳು. ಗವಿಯೊಳಗೆ ಟಾರ್ಚು ಬಿಟ್ಟು ಗಾಜಿನ ಮೇಲೆ ಬಗ್ಗಿದವಳು ಬಹಳ ಹೊತ್ತು ಬಗ್ಗಿಯೇ ಇದ್ದಳು. ಗಾಜು ಅಂಗಡಿಯಿಂದ ತಂದಷ್ಟು ಸ್ವಚ್ಛವಾಗಿತ್ತು.

"ಅಜ್ಜಿ, ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಯಾರ್ನ ಬುಟ್ಟಿದ್ದೆ ನಾನು? ನಾನೇ ಕಣವ್ವ ನೋಡ್ಕತಿದ್ದಿದ್ದು. ನಾಕೈದು ಸೋಮಾರ ಆಗೋವಷ್ಟ್ರಲ್ಲಿ ಬಿಳೀ ಕರೆ ಕೂತ್ಕತಿತ್ತು. ಬಟ್ಟೇಲಿ ಒರ್ಸುದ್ರೆ ಓಗಾಕಿಲ್ಲ ಅದು. ಉಣಸೇಹಣ್ಣಾಕಿ ತಿಕ್ಬೇಕು. ಬಿಂದಿಗೆ ತಿಕ್ಕಿದಂಗೆ." ಜಡೆಮ್ಮ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. "ಅಲುಗಾಡ್ಸಿಲ್ಲ. ಅಲ್ಲೇ ಮಡಗಿ ತಿಕ್ಕಿವ್ನಿ."

ಯಶೋದ ನೆಲದ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ. "ನಂದೇ ತಪ್ಪು ಅಜ್ಜಿ. ನಾನೇ ಹೇಳಿರ್ಲಿಲ್ಲ," ಎಂದಳು. "ಆ ಕರೇನೇ ನಂಗೆ ಬೇಕಾಗಿದ್ದದ್ದು. ಒಂದು ವರ್ಷದ ಮಳೆಗೆ ಎಷ್ಟು ಕಲ್ಲು ಬೆಳೆಯುತ್ತೆ ಅಂತ ಅದು ಹೇಳ್ತಿತ್ತು."

ಜಡೆಮ್ಮ ಗಾಜನ್ನು ನೋಡಿದಳು, ತನ್ನ ಬೆರಳುಗಳನ್ನು ನೋಡಿದಳು. ಮತ್ತೆ ನನ್ನ ಕೈಯೇ, ಅಂದುಕೊಂಡಳು. ಇನ್ನು ಕೇಳದೆ ಇರಲಾಗಲಿಲ್ಲ. ಸೋರೆಬುರುಡೆ, ಸಿಲ್ವರ್ ಪಾತ್ರೆ, ಬೊಮ್ಮಿ, ಬಸ್ಸು, ಮೂರು ಮಳೆಗಾಲ ನಿಂತ ಹನಿ, ಎಲ್ಲವನ್ನೂ ನೆಲ ನೋಡುತ್ತ ಹೇಳಿದಳು. "ಆ ವರ್ಸದ್ದು ಕಲ್ಲು ಏನಂತದೆ? ಅದ್ನೊಂದ ಏಳವ್ವ."

"ಮುರಿದ ಕಲ್ಲಲ್ಲಿ ಆ ವರ್ಷ ಇಲ್ಲ ಅಜ್ಜಿ, ಅದು ಬಹಳ ಹಿಂದೇನೇ ಬಿದ್ದೋಗಿದ್ದು. ಈ ಬೆಳೆಯೋ ಕಲ್ಲಲ್ಲಿ ಇರುತ್ತೆ, ಇದನ್ನ ಕೊಯ್ಯೋ ಹಾಗಿಲ್ಲ. ಆದ್ರೆ ಕೊಳ್ಳೇಗಾಲದ ಮಳೆ ಲೆಕ್ಕ ತೆಗೆಸಿ ನೋಡಬಹುದು."

"ಕೊಳ್ಳೇಗಾಲದ ಮಳೆ ಕೊಳ್ಳೇಗಾಲಕ್ಕಾಯ್ತು."

ಯಶೋದ ಚೀಲದಿಂದ ಕಾಗದದಲ್ಲಿ ಸುತ್ತಿದ್ದ ಕಲ್ಲಿನ ಒಂದು ತೆಳು ಹೋಳು ತೆಗೆದಳು. ಮುರಿದ ಕಲ್ಲನ್ನು ಉದ್ದಕ್ಕೆ ಸೀಳಿ ನಯ ಮಾಡಿದ್ದರು. ಈರುಳ್ಳಿ ಕೊಯ್ದಂತೆ ಪದರದ ಮೇಲೆ ಪದರ, ಕೆನೆ ಬಣ್ಣದ್ದು. ನಡುವೆ ಒಂದು ಕಡೆ ಕಪ್ಪು ಗೆರೆ. ಜಡೆಮ್ಮನ ಬೆರಳು ಹಿಡಿದು ಆ ಗೆರೆಯ ಮೇಲಿಟ್ಟಳು.

"ಇಲ್ಲಿ ಹನಿ ನಿಂತಿತ್ತು. ಮೂರು ವರ್ಷ ಅಲ್ಲ ಅಜ್ಜಿ, ಹತ್ತಿರ ಹತ್ತಿರ ಎಂಬತ್ತು ವರ್ಷ. ಬರೀ ಧೂಳು ಕೂತಿದೆ. ಆರು ಸಾವಿರ ವರ್ಷದ ಹಿಂದೆ."

ಜಡೆಮ್ಮ ಗೆರೆಯ ಮೇಲಿನ ಬೆರಳು ತೆಗೆಯಲಿಲ್ಲ. "ಆಗ ಸಿಲ್ವರ್ ಪಾತ್ರೆ ಇತ್ತಾ?"

"ಇರ್ಲಿಲ್ಲ. ಇನ್ನೂ ಕಬ್ಬಿಣಾನೂ ಬಂದಿರ್ಲಿಲ್ಲ."

"ಮತ್ತ್ಯಾಕ್ ನಿಂತ್ಕತು?"

"ಮಳೆ ಬರ್ಲಿಲ್ಲ. ಅಷ್ಟೇ."

"ಅಷ್ಟೇಯಾ?"

"ಅಷ್ಟೇ ಅಜ್ಜಿ."

ಮನಸ್ಸು ಹಗುರಾಗಬೇಕಿತ್ತು. ಯಶೋದಳ ಮುಖದಲ್ಲಿ ಆ ನಿರೀಕ್ಷೆ ಕಾಣುತ್ತಿತ್ತು. ಅವಳಿಗಾಗಿಯಾದರೂ ಜಡೆಮ್ಮ ತಲೆಯಾಡಿಸಿದಳು. ಗಾಜನ್ನು ಇನ್ನೊಂದು ವರ್ಷ ಇಡುವುದೆಂದಾಯಿತು. ಅವರೆಕಾಳಿನ ಐವತ್ತೆರಡು ಗಂಟುಗಳನ್ನು ಯಶೋದ ಒಂದೊಂದಾಗಿ ಬಿಚ್ಚಿ ಪುಸ್ತಕಕ್ಕೆ ಬರೆದುಕೊಂಡಳು. ಒಂದು ಸೋಮವಾರವೂ ತಪ್ಪಿರಲಿಲ್ಲ.

ಮುಂದಿನ ಸೋಮವಾರ ಜಡೆಮ್ಮ ಗವಿಗೆ ಹೋದಳು. ಅಭ್ಯಾಸಬಲದಿಂದ ಹುಣಸೆಹಣ್ಣು ಸೆರಗಿನಲ್ಲೇ ಇತ್ತು. ಕಲ್ಲಿನ ಮುಂದೆ ಕೂತು ಕೈಮುಗಿದಳು. ಬಾಯಿಗೆ ಏನೂ ಬರಲಿಲ್ಲ. ಇಷ್ಟು ವರ್ಷ ತಪ್ಪಾಯ್ತು ಎಂದ ಕೂಡಲೇ ಬೊಮ್ಮಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು, ಒದ್ದೆ ತುಟಿಯ ಬೊಮ್ಮಿ. ಇವತ್ತು ಗವಿಯಲ್ಲಿ ಹನಿ ಬೀಳುವ ಸದ್ದು ಮಾತ್ರ ಇತ್ತು. ಮಳೆ ಬರಲಿಲ್ಲ, ಒರತೆ ಒಣಗಿತು, ಮಗುವಿಗೆ ಭೇದಿ ಹಿಡಿಯಿತು. ಯಾರೂ ಏನೂ ಮಾಡದೆಯೂ ಮಗು ಸಾಯಬಹುದಿತ್ತು. ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಗಾಜಿನ ಮೇಲೆ ಆಗಲೇ ತೆಳ್ಳಗೆ ಮಬ್ಬು ಕವಿದಂತಿತ್ತು. ಅಥವಾ ಅವಳ ಕಣ್ಣೇ ಹಾಗಿತ್ತೋ. ಬೆರಳುಗಳು ಸೆರಗಿನ ಗಂಟಿಗೆ ಹೋದವು. ಅಂದು ಬಸ್ಸಿಗೆ ಕಾಯುವಾಗಲೂ ಇದೇ ಬೆರಳುಗಳು ಮಗುವಿನ ಬಾಯನ್ನು ಒರೆಸಿದ್ದವು, ಮತ್ತೆ ಮತ್ತೆ, ಒರೆಸಲು ಏನೂ ಉಳಿಯದ ಮೇಲೂ. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಗಡಿಯಾರದ ಕೆಂಪು ಮುಳ್ಳು ಮೇಲಕ್ಕೆ ಬಂದಾಗ ಎಣಿಸತೊಡಗಿದಳು. ಏಳನೆಯ ಹನಿಗೆ ಲೆಕ್ಕ ತಪ್ಪಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಮುಳ್ಳು ಮತ್ತೆ ಮೇಲೆ ಬರುವವರೆಗೆ ಕಾದು, ಮೊದಲಿನಿಂದ ಎಣಿಸಿದಳು.