ಅತ್ತೆ ಬದುವಿನ ಮೇಲೆ ನಿಂತ ಬೆಳಗು

ಊರಿಂದ ಬಂದ ತಮ್ಮ ಒಂದು ಬಾಟಲಿಯನ್ನೂ ಒಂದು ಕಾಗದವನ್ನೂ ನನ್ನ ಮುಂದಿಟ್ಟ. ಮೊದಲು ಬಾಟಲಿಯ ಮುಚ್ಚಳ ತೆಗೆದೆ. ಕಡಲೆ ಹುಳಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕುರ್ತಕೋಟಿಯ ನಮ್ಮ ಹೊಲದಲ್ಲಿದ್ದೆ.

ಚಳಿಗಾಲದ ನಸುಕು. ಎರೆಮಣ್ಣು ಪಾದಕ್ಕೆ ತಣ್ಣಗೆ ಮೆತ್ತಿಕೊಳ್ಳುತ್ತಿತ್ತು. ಮುಂಡರಗಿಯಿಂದ ಬಂದ ಸೋದರತ್ತೆ ಕಡಲೆ ಗಿಡಗಳ ಮೇಲೆ ಬಿಳಿ ಧೋತರ ಎಳೆಯುತ್ತ ಮಂಜಿನೊಳಗೆ ಕರಗುತ್ತಿದ್ದಳು, ಮತ್ತೆ ಮೂಡುತ್ತಿದ್ದಳು. ಇಬ್ಬನಿಯಲ್ಲಿ ನೆನೆದ ಧೋತರವನ್ನು ಬೋಗುಣಿಗೆ ಹಿಂಡಿ ನನಗೆ ಬೆರಳು ಚಾಚುತ್ತಿದ್ದಳು. ನೆಕ್ಕಿದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ.

ಒಂದು ವರ್ಷ ಅಪ್ಪ ಅವಳಿಗೆ ಇಳಕಲ್ ಸೀರೆ ಉಡಿಸಿ, ಹೊಲದಲ್ಲಿ ಅವಳಿಗೆ ಪಾಲು ಬೇಡವೆಂಬ ಪತ್ರಕ್ಕೆ ಸಹಿ ಮಾಡಿಸಿಕೊಂಡ. ಮರುದಿನ ನಸುಕಿನಲ್ಲಿ ಅತ್ತೆ ಧೋತರ ಹಿಡಿದು ಬದುವಿನ ಮೇಲೆಯೇ ನಿಂತಳು.

“ಅಣ್ಣಾ, ಒಳಗ ಬರ್ಲೇನು?”

“ಹುಚ್ಚಿ, ಅದೇನ್ ಕೇಳ್ತಿ, ಬಾ” ಎಂದು ಅಪ್ಪ ನಕ್ಕ. ಅತ್ತೆ ನಗಲಿಲ್ಲ.

“ಅಕ್ಕಾ, ಸಹಿ?” ಎಂದ ತಮ್ಮ.

ಅವನು ತಂದದ್ದೂ ಅಂಥದ್ದೇ ಪತ್ರ. ಅದನ್ನು ಮಡಚಿ ಅವನ ಕೈಗೇ ಕೊಟ್ಟೆ.

“ನಾಳಿ ಅತ್ತಿನ್ನ ಕರ್ಕೊಂಡು ಹೊಲಕ್ಕ ಬರ್ತೀನಿ, ತಮ್ಮಾ. ಬದುವಿನ ಮ್ಯಾಲ ನಿಂತು ಇಬ್ಬರೂ ಕೇಳಂಗಿಲ್ಲ.”