ಏರಿನಲ್ಲಿ ಕೈ ಹಚ್ಚಿದವರು

ಎರಡು ವರ್ಷದ ಹಿಂದಿನ ಮಾತು. ಡಿಸೆಂಬರ್ ತಿಂಗಳ ಒಂದು ಭಾನುವಾರ. ನನಗಾಗ ಐವತ್ತೊಂದು ತುಂಬಿತ್ತು. ಬೆಳಗಾವಿಯ ಉದ್ಯಮಬಾಗದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಇಪ್ಪತ್ತೆಂಟು ವರ್ಷ ನಿಂತು ನಿಂತು ಸೊಂಟ ಕೆಟ್ಟಿತ್ತು. ಡಾಕ್ಟರು ಸೈಕಲ್ ಬಿಡಿ ಎಂದಿದ್ದರು. ನನಗೆ ಚಿಕ್ಕಂದಿನಿಂದ ಇದ್ದ ಹುಚ್ಚು ಅದೊಂದೇ. ಅದನ್ನೂ ಬಿಟ್ಟರೆ ಉಳಿಯುವುದೇನು?

ಆ ಭಾನುವಾರಕ್ಕೂ ಸುಮಾರು ಮೂರು ವರ್ಷ ಮೊದಲು, ನಮ್ಮ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುವ ದಸ್ತಗೀರ್ ಒಂದು ದಿನ ಮೊಬೈಲ್ ಹಿಡಿದುಕೊಂಡು ಬಂದ. ಅದರಲ್ಲಿ ಯಾವುದೋ ದೇಶದವನೊಬ್ಬ ಹಿಂದಕ್ಕೆ ಒರಗಿ ಮಲಗಿ, ಕಾಲು ಮುಂದೆ ಚಾಚಿ ಸೈಕಲ್ ತುಳಿಯುತ್ತಿದ್ದ. "ಸೊಂಟಕ್ಕ ಭಾರನ ಬೀಳೂದಿಲ್ಲ ಅಣ್ಣಾರ. ಇದನ್ನ ನಾವೂ ಮಾಡೂಣು ಬರ್ರಿ" ಎಂದ. ಎರಡು ಹಳೆಯ ಸೈಕಲ್ ಕತ್ತರಿಸಿ, ಬೆಸೆದು, ಮುರಿದು, ಮತ್ತೆ ಬೆಸೆದು ನಾಲ್ಕು ತಿಂಗಳಿಗೆ ಒಂದು ಆಕಾರಕ್ಕೆ ತಂದೆವು. ದಸ್ತಗೀರ್ ಅದಕ್ಕೆ 'ಹೊರಸು', ಅಂದರೆ ಮಂಚ, ಎಂದು ಹೆಸರಿಟ್ಟ. ಮಹಾಂತೇಶ ನಗರದ ನಮ್ಮ ಓಣಿಯವರಿಗೆ ಅದೊಂದು ತಮಾಷೆ. "ಮಲ್ಕೊಂಡ ಎಲ್ಲಿಗೆ ಹೊಂಟ್ರಿ?" ಎಂದು ದಿನಾ ಕೇಳುವವರೇ.

ಊರಿನ ಸೈಕಲ್ ಬಳಗದವರು ವರ್ಷಕ್ಕೊಮ್ಮೆ ಖಾನಾಪುರದ ಕಡೆಗೆ ಇಪ್ಪತ್ತು ಕಿಲೋಮೀಟರಿನ ಪಂದ್ಯ ಇಡುತ್ತಾರೆ. ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ, ನಿಮಿಷಕ್ಕೊಬ್ಬರನ್ನು ಬಿಡುತ್ತಾರೆ. ನಮ್ಮ ಜಿದ್ದು ಏನಿದ್ದರೂ ಗಡಿಯಾರದ ಜೊತೆ. ನಲವತ್ತೈದು ನಿಮಿಷದೊಳಗೆ ಮುಟ್ಟಿದವರ ಹೆಸರನ್ನು ಸದಾಶಿವನಗರದಲ್ಲಿ ಬಳಗ ಸೇರುವ ಕೋಣೆಯ ಹಲಗೆಯ ಮೇಲೆ ಬರೆಯುತ್ತಾರೆ. ಒಂದು ನಿಯಮ ಮಾತ್ರ ಗಟ್ಟಿ: ದಾರಿಯಲ್ಲಿ ಬೇರೆ ಯಾರ ಕೈಯೂ ಸೈಕಲ್ಲಿಗೆ ತಾಗಬಾರದು. ತಾಗಿದರೆ ಪಟ್ಟಿಯಲ್ಲಿ ಹೆಸರಿನ ಮೇಲೆ ಗೆರೆ.

ಮೊದಲ ವರ್ಷ ನಲವತ್ತೆಂಟು ನಿಮಿಷ ಹಿಡಿದಿತ್ತು. ಎರಡನೆಯ ವರ್ಷ ನಲವತ್ತಾರು. ಆ ಭಾನುವಾರದ್ದು ಮೂರನೆಯದು, ಮತ್ತು ಕೊನೆಯದು. ಮಲಗಿದವನಿಗೆ ಗಾಳಿ ಕಡಿಮೆ ತಾಗುತ್ತದೆ, ಇದು ಅನ್ಯಾಯ ಎಂದು ಕೆಲವರು ತಕರಾರು ತೆಗೆದಿದ್ದರು. ಮುಂದಿನ ವರ್ಷದಿಂದ ಇಂಥ ಸೈಕಲ್ಲಿಗೆ ಅವಕಾಶವಿಲ್ಲ ಎಂದು ತೀರ್ಮಾನವಾಗಿತ್ತು. ಆ ಹಲಗೆಯ ಮೇಲೆ ನನ್ನ ಹೆಸರು ಬರಬೇಕೆಂದರೆ ಅವತ್ತೇ ಬರಬೇಕಿತ್ತು.

ಆ ವಾರವೆಲ್ಲ ಓವರ್‌ಟೈಮ್ ಮಾಡಿದ್ದೆ. ಬೆಳಿಗ್ಗೆ ಏಳುವಾಗಲೇ ಮೈ ಸೀಸದಷ್ಟು ಭಾರ. ಹೆಂಡತಿ, "ಇವತ್ತೊಂದಿನಾರ ಮಲ್ಕೋರಿ" ಎಂದಳು. "ಮಲ್ಕೊಳ್ಳಾಕನ ಹೊಂಟೇನಿ" ಎಂದೆ. ಅವಳು ನಗಲಿಲ್ಲ.

ಮಂಜು ಕರಗುವ ಹೊತ್ತಿಗೆ ನನ್ನ ಸರದಿ ಬಂತು. ಹದಿನೈದು ಕಿಲೋಮೀಟರ್ ಚೆನ್ನಾಗಿಯೇ ಹೋಯಿತು. ಗಾಳಿ ಬೆನ್ನಿಗಿತ್ತು. ಗಡಿಯಾರ ನೋಡಿದೆ, ಹಿಂದಿನ ವರ್ಷಕ್ಕಿಂತ ಬಹಳ ಮುಂದಿದ್ದೆ. ಆಮೇಲೆ ಒಂದು ಏರು ಬರುತ್ತದೆ. ಅದರ ನಡುವೆ ಎಮ್ಮೆಗಳು ಸಾವಕಾಶ ರಸ್ತೆ ದಾಟುತ್ತಿದ್ದವು. ಬೇರೆ ದಾರಿಯಿಲ್ಲದೆ ಕಾಲು ನೆಲಕ್ಕಿಟ್ಟೆ.

ಮಾಮೂಲಿ ಸೈಕಲ್ಲಾದರೆ ಪೆಡಲ್ ಮೇಲೆ ಎದ್ದು ನಿಂತು ಏರು ಹತ್ತಬಹುದು. ಮಲಗಿದವನು ಎಲ್ಲಿಂದ ಎದ್ದು ನಿಲ್ಲಬೇಕು? ಎಮ್ಮೆಗಳು ಹೋದವು. ತುಳಿದೆ. ಮುಂದಿನ ಗಾಲಿ ಓಲಾಡಿತು. ಮತ್ತೆ ತುಳಿದೆ. ಒಂದು ಮಾರು ಹೋಗಿ ನಿಂತಿತು. ತೊಡೆ ಗಡಗಡ ನಡುಗುತ್ತಿತ್ತು. ಅಲ್ಲೇ ಕಣ್ಣು ಮುಚ್ಚಿ ಮಲಗಿಬಿಡಲೇ ಎನಿಸುವಷ್ಟು ಸುಸ್ತಾಗಿತ್ತು.

ರಸ್ತೆಯ ಬಾಜೂ ಇಟ್ಟಿಗೆ ಸುಡುವ ಒಂದು ಭಟ್ಟಿ. ಕೆಲಸದವರು ಚಹಾ ಕುಡಿಯುತ್ತ ಕುಳಿತಿದ್ದರು. ಆ ಏರಿನಲ್ಲಿ ಕಬ್ಬಿನ ಗಾಡಿ ನಿಂತರೆ ಹತ್ತಿರ ಇದ್ದವರೆಲ್ಲ ಓಡಿ ಬಂದು ಕೈ ಹಚ್ಚಿ ದೂಡುವುದು ಅಲ್ಲಿನ ರೂಢಿ. ಗಾಡಿ ಯಾರದೆಂದು ಕೇಳುವುದಿಲ್ಲ, ಹಚ್ಚಲೇ ಎಂದೂ ಕೇಳುವುದಿಲ್ಲ. ಅವತ್ತು ಅವರಿಗೆ ಕಂಡದ್ದು ತಲೆ ನರೆತ ಒಬ್ಬ ಮನುಷ್ಯ. ಮೇಲೇಳಲಾರದೆ ಕುಳ್ಳ ಗಾಡಿಯೊಂದರಲ್ಲಿ ಬಿದ್ದುಕೊಂಡು ಕಾಲು ಆಡಿಸುತ್ತಿದ್ದಾನೆ! ಕುಂಟನೆಂದೇ ತಿಳಿದರು.

"ಬರ್ರೋ, ಪಾಪ, ಬಿಚಾರಾ ಸಿಕ್ಕೊಂಡಾನ!" ಎಂದು ಹೆಣ್ಣಿನ ದನಿಯೊಂದು ಕೇಳಿತು. ತಿರುಗಿ ನೋಡುವಷ್ಟರಲ್ಲಿ ಸೀಟಿನ ಹಿಂದೆ ಕೈಗಳು ಬಿದ್ದಿದ್ದವು.

"ಬಿಡ್ರಿ! ಮುಟ್ಟಬ್ಯಾಡ್ರಿ!" ಎಂದು ಕೂಗಿದೆ.

"ಅಸೂ ದೇ ರೇ ಬಾಳಾ, ಇರ್ಲಿ ಬಿಡು ಮಗಾ, ಸಂಕೋಚ ಮಾಡಬ್ಯಾಡ" ಎಂದಿತು ಅದೇ ದನಿ, ಮರಾಠಿ ಕನ್ನಡ ಕೂಡಿಸಿ.

"ಆಯಿ, ಇದು ರೇಸ್ ಐತಿ, ಬಿಡ್ರಿ!"

ಅವರು ಬಿಡಲಿಲ್ಲ. ಸೈಕಲ್ ಉರುಳಿತು. ಮೂರನೆಯ ಸಲ ಕೂಗಲು ಬಾಯಿ ತೆರೆದೆ. ಕೂಗಲಿಲ್ಲ. ಬ್ರೇಕ್ ನನ್ನ ಕೈಯಲ್ಲೇ ಇತ್ತು, ಅದನ್ನೂ ಹಿಡಿಯಲಿಲ್ಲ. ನೂರು ಹೆಜ್ಜೆ ಇರಬಹುದು, ಏರಿನ ತುದಿಯವರೆಗೂ ದೂಡಿದರು. ನಾನು ಸುಮ್ಮನೆ ಆಕಾಶ ನೋಡುತ್ತ ಹೋದೆ.

ಮುಂದಿನದು ಇಳಿಜಾರು. ಪಂದ್ಯ ಮುಗಿಯುವ ಗೆರೆ ದಾಟಿದಾಗ ಸಮಯ ಬರೆಯುವವರು ಎದ್ದು ನಿಂತರು. ಅವರು ನಿವೃತ್ತ ಮಾಸ್ತರರು, ನಾವೆಲ್ಲ ಸರ್ ಎನ್ನುತ್ತೇವೆ. "ನಲವತ್ನಾಲ್ಕ ನಿಮಿಷ, ಇಪ್ಪತ್ತ ಸೆಕೆಂಡ! ಶಾಭಾಸ್ ರೀ!" ಎಂದರು. ಗೂಡ್ಸ್ ರಿಕ್ಷಾ ತಂದು ಕಾಯುತ್ತಿದ್ದ ದಸ್ತಗೀರ್ ಬಂದು ತಬ್ಬಿಕೊಂಡ. ನನಗೆ ನಗು ಬರಲಿಲ್ಲ.

"ಸರ್, ಏರಿನ್ಯಾಗ ನಾಕ ಮಂದಿ ದೂಡ್ಯಾರ" ಎಂದೆ.

ದಸ್ತಗೀರ್ ನನ್ನ ತೋಳು ಹಿಂಡಿದ. "ಹುಚ್ಚ ಹಿಡದೈತೇನ್ ಅಣ್ಣಾರ? ಯಾರ ನೋಡ್ಯಾರ?"

ಸರ್ ಕನ್ನಡಕ ತೆಗೆದರು. "ನೀವು ಬ್ಯಾಡ ಅಂದ್ರಿಲ್ಲೋ? ಅಂದಮ್ಯಾಲೂ ದೂಡಿದ್ರ ಅದು ನಿಮ್ಮ ತಪ್ಪಲ್ಲ. ವಿಚಾರ ಮಾಡಾಕ ಬರ್ತೈತಿ."

ಅವರು ಬಾಗಿಲು ತೆರೆದು ಕೊಟ್ಟಿದ್ದರು. ಹೂಂ ಅಂದಿದ್ದರೆ ಸಾಕಿತ್ತು. ಹಲಗೆ ಕಣ್ಣ ಮುಂದೆ ಬಂತು.

"ಮದಲ ಅಂದೆ ಸರ್. ಆಮ್ಯಾಲ ಸುಮ್ನಾದೆ."

ಸರ್ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಸಾವಕಾಶ ಗೆರೆ ಎಳೆದರು.

ಮರಳುವಾಗ ಸೈಕಲ್ಲನ್ನು ರಿಕ್ಷಾದಲ್ಲಿ ಹಾಕಿದೆವು. ದಸ್ತಗೀರ್ ಓಡಿಸಿದ. ಭಟ್ಟಿಯ ಹತ್ತಿರ ನಿಲ್ಲಿಸಲು ಹೇಳಿದೆ. ಬೈಯಬೇಕೆಂದಿದ್ದೆನೋ, ಏನು ಹೇಳಬೇಕೆಂದಿದ್ದೆನೋ, ನನಗೇ ಗೊತ್ತಿರಲಿಲ್ಲ. ಕೈಗೆಲ್ಲ ಕೆಂಪು ಮಣ್ಣು ಮೆತ್ತಿದ ಒಬ್ಬ ಮುದುಕಿ ಹತ್ತಿರ ಬಂದಳು. ದನಿ ಕೇಳಿದ ಕೂಡಲೇ ಗುರುತಾಯಿತು.

"ಊರು ಮುಟ್ಟಿದೇನ್ ಬಾಳಾ?" ಎಂದವಳು, ನಾನು ನಡೆದು ಬರುವುದನ್ನು ಕಂಡು ನಿಂತುಬಿಟ್ಟಳು. "ಅಯ್ಯ! ಕಾಲು ಛಲೋ ಅದಾವಲ್ಲೋ! ಮತ್ತ ಮಲ್ಕೊಂಡ ಯಾಕ ಹೊಂಟಿದ್ದಿ?"

ಸೊಂಟದ ಕತೆ, ಪಂದ್ಯದ ಕತೆ, ಹಲಗೆಯ ಕತೆ ಎಲ್ಲ ಹೇಳಬಹುದಿತ್ತು. ಹೇಳಲು ತ್ರಾಣ ಇರಲಿಲ್ಲ. "ದಣದಿದ್ದೆ ಆಯಿ" ಎಂದೆ.

"ಹಾಂಗಾದ್ರ ಚಾ ಕುಡಿ, ಕುಂದರು" ಎಂದಳು. ಕುಡಿದೆವು. ನನ್ನ ಹೆಸರು ಹೋದದ್ದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಬಳಗದವರು ನನ್ನನ್ನು ಪ್ರಾಮಾಣಿಕ ಎಂದು ಈಗಲೂ ಹೊಗಳುತ್ತಾರೆ. ಕೇಳಿದಾಗಲೆಲ್ಲ ಮುಜುಗರವಾಗುತ್ತದೆ. ಯಾಕೆಂದರೆ ಸರ್ ಮುಂದೆ ನಾನು ಹೇಳಿದ್ದು ಅರ್ಧ ಮಾತ್ರ. ಏರು ಮುಗಿದು ಆ ಕೈಗಳು ಬಿಟ್ಟಾಗ, ಇನ್ನೊಂದಿಷ್ಟು ದೂರ ಏರು ಇರಬೇಕಿತ್ತು ಎಂದು ನನಗೆ ಅನಿಸಿತ್ತು.