ಗಮ್‌ಬೂಟಿನ ಮಗಳು
ವೆಟರ್ನರಿ ಸೇರಲೇಬೇಕು ಅಂತ ಹಟ ಹಿಡಿದ ಮಗಳನ್ನು ಮನೆಯಲ್ಲಿಟ್ಟುಕೊಂಡವರಿಗೇ ನನ್ನ ಕಷ್ಟ ಅರ್ಥವಾಗೋದು. ಐರ್ಲೆಂಡಿನ ಈ ಗಾಲ್ವೇಯಲ್ಲೇ ಹುಟ್ಟಿದ ನಮ್ಮ ಮೇದಿನಿ ಈಗ ಇಲ್ಲೇ ಬಿಎಸ್ಸಿ ಓದುತ್ತಾಳೆ. ಅದು ಮುಗಿದ ಮೇಲೆ ವೆಟರ್ನರಿಯಂತೆ. ಕಾಲೇಜಿನಲ್ಲಿ ಸಿಗುವ ಒಂದು ಅವಕಾಶವನ್ನೂ ಬಿಡಬೇಡ ಅಂತ ಯಾರೋ ಹೇಳಿದ್ದೇ ತಪ್ಪಾಯಿತು. ಅನಾಥ ನಾಯಿಗಳಿಗೆ ಸ್ನಾನ ಮಾಡಿಸುತ್ತಾಳೆ, ಕುರಿಗಳು ಮರಿ ಹಾಕುವ ಕಾಲಕ್ಕೆ ಹಳ್ಳಿ ಸೇರುತ್ತಾಳೆ, ಪ್ರೊಫೆಸರಿಗೆ ಬೇಕು ಅಂತ ಸಗಣಿಯ ಸ್ಯಾಂಪಲ್ ತಂದು ನನ್ನ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇಡುತ್ತಾಳೆ. "ಇದೇನೇ ಇದು?" ಅಂದರೆ, "ಇಟ್ಸ್ ಗ್ರ್ಯಾಂಡ್, ಅಮ್ಮಾ." ಇಲ್ಲಿಯವರ ಬಾಯಲ್ಲಿ ಹಾಗಂದರೆ 'ಏನೂ ಪರವಾಗಿಲ್ಲ' ಅಂತ. ನನಗೆ ಸೊಂಟ ನೋವು ಅಂದರೂ ಗ್ರ್ಯಾಂಡ್. ಗಣೇಶನ ಹಬ್ಬಕ್ಕೆ ಕನ್ನಡ ಸಂಘಕ್ಕೆ ಕರೆದರೆ ಗಮ್‌ಬೂಟಿನಲ್ಲೇ ಬಂದು ನಿಲ್ಲುತ್ತಾಳೆ. ಹುಟ್ಟಿದಾಗಿನಿಂದ ಕನ್ನಡದಲ್ಲೇ ಮಾತಾಡಿಸಿದ್ದೇನೆ. ಉತ್ತರ ಮಾತ್ರ ಒಂದು ದಿನವೂ ಕನ್ನಡದಲ್ಲಿ ಬಂದಿಲ್ಲ. ಮೊನ್ನೆ ಫಾರ್ಮಿನಿಂದ ಕರೆತರಲು ಹೋದೆ, ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ. ಕೊಟ್ಟಿಗೆಯಲ್ಲಿ ಆಗಷ್ಟೇ ಹುಟ್ಟಿದ ಕರು ಏಳಲಾರದೆ ಬಿದ್ದಿತ್ತು. ಇವಳು ಮಂಡಿಯೂರಿ, ಅದರ ಬೆನ್ನು ಉಜ್ಜುತ್ತ, ನಾನು ಇವಳನ್ನು ಚಿಕ್ಕಂದಿನಲ್ಲಿ ಎಬ್ಬಿಸುತ್ತಿದ್ದ ರಾಗದಲ್ಲೇ ಹೇಳುತ್ತಿದ್ದಳು: "ಏಳು ಬಂಗಾರಿ, ಏಳು. ಸ್ಕೂಲ್ ಬಸ್ ಹೋಗ್ಬಿಡತ್ತೆ."